ಬೆರಳಿಗೆ ಕಾಣುವ ಚಿತ್ರ

(ಶತಮಾನೋತ್ಸವದ ಪಾಲಕರ ಹಾಗೂ ಮಾಜಿ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯ ಮೇಲೆ ನಿಂತವರು ಶಾಲೆಯ ಕೀರ್ತಿಯನ್ನು ಹೇಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಬಹಳ ಪ್ರೀತಿಯಿಂದ ಮಾಡಿದ್ದಾರೆ. ಅದಕ್ಕೆ ನಾವು ಕೃತಜ್ಞರು. ಈ ಹೊತ್ತು ನಾವು ಹೇಳಬೇಕೆಂದಿರುವುದು ನಮ್ಮ ಶಾಲೆಯ ಒಂದು ತಪ್ಪಿನ ಸಂಗತಿಯನ್ನು, ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ನಾವು ಕಲಿತ ಒಂದು ಸಣ್ಣ ವಿದ್ಯೆಯನ್ನು. ನೂರು ವರ್ಷದ ಸಂಸ್ಥೆಗೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವಷ್ಟು ವಯಸ್ಸಾಗಿದೆ ಎಂದು ನಾವು ಭಾವಿಸುತ್ತೇವೆ.

ಮೊದಲಿಗೆ ಒಂದು ಚಿಕ್ಕ ಪರೀಕ್ಷೆ. ನಿಮ್ಮಲ್ಲಿ ಯಾರ ಬಳಿ ನೂರು ರೂಪಾಯಿಯ ಹೊಸ ನೋಟು ಇದೆಯೋ ಅವರು ದಯವಿಟ್ಟು ಅದನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿಕೊಳ್ಳಿರಿ. ನೋಟಿನ ಎಡಬಲದ ಅಂಚುಗಳ ಮೇಲೆ ಬೆರಳನ್ನು ಮೆಲ್ಲಗೆ ಸರಿಸಿರಿ. ಓರೆಯಾದ ನಾಲ್ಕು ಸಣ್ಣ ಗೆರೆಗಳು ಬೆರಳಿಗೆ ತಾಕುತ್ತವೆ. ಬಲಭಾಗದಲ್ಲಿ ತುಸು ಉಬ್ಬಿದ ಒಂದು ತ್ರಿಕೋನವಿದೆ. ಐನೂರರ ನೋಟಿನಲ್ಲಿ ಗೆರೆಗಳು ಐದು, ತ್ರಿಕೋನದ ಬದಲು ವೃತ್ತ. ಇನ್ನೂರರ ನೋಟಿನಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ಪುಟ್ಟ ವೃತ್ತಗಳು. ದಿನವೂ ನಾವು ಎಣಿಸುವ ಹಣದ ಮೇಲೆ ಕಣ್ಣಿಲ್ಲದವರಿಗಾಗಿ ಭಾರತೀಯ ರಿಸರ್ವ್ ಬ್ಯಾಂಕು ಮುದ್ರಿಸಿರುವ ಚಿತ್ರಗಳಿವು. ನೋಟು ಹಳೆಯದಾದರೆ ಉಬ್ಬು ಸವೆದು ಹೋಗುತ್ತದೆ ಎಂಬ ಮಾತು ಬೇರೆ. ಈ ಸಭೆಯಲ್ಲಿ ಎಷ್ಟು ಜನರಿಗೆ ಈ ಗುರುತುಗಳು ಮೊದಲೇ ತಿಳಿದಿದ್ದವು ಎಂದು ಕೈ ಎತ್ತಲು ನಾವು ಕೇಳುವುದಿಲ್ಲ. ಐದು ವರ್ಷಗಳ ಹಿಂದೆ ನಮಗೂ ತಿಳಿದಿರಲಿಲ್ಲ. ನಮಗೆ ಇದನ್ನು ತೋರಿಸಿಕೊಟ್ಟವಳು ನಮ್ಮ ವಿದ್ಯಾರ್ಥಿನಿ.

ಅವಳು ಹುಟ್ಟಿನಿಂದ ದೃಷ್ಟಿಯಿಲ್ಲದವಳು. ಅವಳ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಅವಳು ಮುಂದಿನ ಸಾಲಿನಲ್ಲಿಯೇ ಕುಳಿತು ನಾವು ಎಲ್ಲಿ ತಪ್ಪು ಹೇಳುತ್ತೇವೆಯೋ ಎಂದು ಕಾಯುತ್ತಿದ್ದಾಳೆ. ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ ಅವಳ ತಂದೆ ಊರಿಗೆ ಮರಳಿದ ವರ್ಷ, ಇಯತ್ತೆ ಐದಕ್ಕೆ ಹೆಸರು ಹಚ್ಚಲು ಅವಳನ್ನು ಕರೆದುಕೊಂಡು ಬಂದರು. ನಮ್ಮ ಮೇಜಿನ ಮುಂದೆ ನಿಂತು ಅವರು ಹೇಳಿದ ಮೊದಲ ಮಾತು ಇದು: “ಅಕ್ಕೋರೆ, ಹುಡುಗಿ ಹಾಡ ಚಲೋ ಹಾಡತಾಳ್ರಿ. ಉಳದದ್ದು ನಿಮ್ಮ ಕೈಯಾಗೈತಿ.”

ಆ ತಂದೆ ಹಾಡಿನ ಮಾತನ್ನು ಏಕೆ ಮೊದಲು ಎತ್ತಿದರು ಎಂಬುದು ನಮಗೆ ಆಗ ಹೊಳೆಯಲಿಲ್ಲ. ನಮ್ಮ ಗಡಿನಾಡಿನ ಮನೆಮನೆಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಗೊತ್ತು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದುಕೊಂಡು ಅಸಂಖ್ಯ ಅಂಧ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಅದು ಕನ್ನಡ ನಾಡಿನ ದೊಡ್ಡ ಪುಣ್ಯ. ಆದರೆ ಆ ಪುಣ್ಯದ ನೆರಳಿನಲ್ಲಿ ನಮ್ಮಂಥ ಸಾಮಾನ್ಯ ಶಾಲೆಗಳು ಒಂದು ಸುಲಭದ ದಾರಿ ಹಿಡಿದವು. ಕಣ್ಣಿಲ್ಲದ ಮಗುವಿಗೆ ಕಿವಿಯಿದೆ, ಕಂಠವಿದೆ, ಅಷ್ಟು ಸಾಕು ಎಂದುಕೊಂಡೆವು. ಹಾಡಲು ಬಾರದ ಅಂಧ ಮಗುವನ್ನು ಏನು ಮಾಡಬೇಕು, ಹಾಡಲು ಬರುವ ಮಗುವಿಗೂ ಭೂಗೋಲ ಬೇಡವೆ ಎಂಬ ಪ್ರಶ್ನೆಗಳು ನಮ್ಮನ್ನು ಕಾಡಲಿಲ್ಲ. ಆ ತಂದೆಗೂ ಅದೇ ಅನುಭವ ಎಲ್ಲ ಕಡೆ ಆಗಿದ್ದಿರಬೇಕು. ಅದಕ್ಕಾಗಿ ಮಗಳ ಹಾಡನ್ನೇ ಪ್ರವೇಶಪತ್ರದಂತೆ ಮುಂದೆ ಹಿಡಿದರು. ನಾವೂ ಮೊದಲು ದೂರದ ವಸತಿ ಶಾಲೆಯೊಂದರ ವಿಳಾಸ ಬರೆದುಕೊಡಲು ಹೊರಟಿದ್ದೆವು ಎಂಬುದನ್ನು ಮುಚ್ಚಿಡಬಾರದು. ಅವರು ಚೀಟಿ ತೆಗೆದುಕೊಳ್ಳಲಿಲ್ಲ. ಹುಡುಗಿಯನ್ನು ನಾವು ಸೇರಿಸಿಕೊಂಡೆವು.

ಅಕ್ಷರದ ಕೆಲಸ ನಾವು ಅಂಜಿದಷ್ಟು ಕಷ್ಟವಾಗಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ವಿಶೇಷ ಶಿಕ್ಷಕರು ಮರಾಠಿಯವರು. ಅವರಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಅವರು ಕನ್ನಡ ಹುಡುಗಿಗೆ ಕನ್ನಡ ಬ್ರೈಲ್ ಹೇಗೆ ಕಲಿಸಿಯಾರು ಎಂದು ನಾವು ಚಿಂತಿಸಿದೆವು. ಅವರು ನಕ್ಕರು. ಭಾರತದ ಭಾಷೆಗಳಿಗೆಲ್ಲ ಮೊದಲು ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಅವುಗಳ ಜಾಗಕ್ಕೆ ಭಾರತಿ ಬ್ರೈಲ್ ಎಂಬ ಒಂದೇ ಪದ್ಧತಿ ಬಂದಿತು. ಆದ್ದರಿಂದ ಮೊದಲನೆಯ ಮತ್ತು ಮೂರನೆಯ ಚುಕ್ಕಿ ಉಬ್ಬಿದರೆ ಅದು ಕನ್ನಡದ ‘ಕ’ವೂ ಹೌದು, ಮರಾಠಿಯ ‘ಕ’ವೂ ಹೌದು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಗುಡಿಸು ಕೊಂಬುಗಳು ಸುತ್ತಿಕೊಳ್ಳುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ಮುಂದೊಂದು ನಡೆಯುತ್ತವೆ. ಮರಾಠಿಯಲ್ಲಿಲ್ಲದ ನಮ್ಮ ಹ್ರಸ್ವ ‘ಎ’, ‘ಒ’ಗಳಂಥ ಕೆಲವನ್ನು ಮಾತ್ರ ನಾವು ಪಟ್ಟಿ ನೋಡಿ ಸೇರಿಸಿಕೊಟ್ಟೆವು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಈ ಸೀಮೆಯಲ್ಲಿ ಫಲಕದ ಮೇಲಿನ ಅಕ್ಷರಕ್ಕಾಗಿ ಎಷ್ಟು ಮಾತು ಬೆಳೆದಿದೆ ಎಂಬುದನ್ನು ನೀವು ಬಲ್ಲಿರಿ. ನಮ್ಮ ಹುಡುಗಿ ಒಂದು ವರ್ಷದೊಳಗೆ ಅದೇ ಬೆರಳಿನಿಂದ ಎರಡನ್ನೂ ಓದತೊಡಗಿದಳು.

ತಪ್ಪು ಆದದ್ದು ಚಿತ್ರದಲ್ಲಿ.

ಪಠ್ಯಪುಸ್ತಕವನ್ನು ತೆರೆದು ನೋಡಿರಿ. ವಿಜ್ಞಾನದ ಪಾಠದಲ್ಲಿ ಹೃದಯದ ಚಿತ್ರ, ಹೂವಿನ ಭಾಗಗಳು; ಗಣಿತದಲ್ಲಿ ತ್ರಿಕೋನ, ಆಲೇಖ; ಭೂಗೋಲದಲ್ಲಿ ಪುಟಪುಟಕ್ಕೂ ನಕಾಶೆ. ಕನ್ನಡದ ಬ್ರೈಲ್ ಪುಸ್ತಕಗಳು ಕರ್ನಾಟಕದ ಪಠ್ಯಕ್ರಮಕ್ಕೆ ಹೊಂದಿಕೊಂಡವು. ಮಹಾರಾಷ್ಟ್ರದ ಪಠ್ಯಕ್ರಮದ ಬ್ರೈಲ್ ಪುಸ್ತಕಗಳು ಮರಾಠಿಯವು. ಬಾಲಭಾರತಿಯ ಕನ್ನಡ ಪುಸ್ತಕ ಓದುವ ಅಂಧ ಮಗು ಎರಡರ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ. ನಾವು ಕೇಳಿದ ಕಡೆಗಳಲ್ಲಿ ಚಿತ್ರಸಹಿತವಾದ ಪುಸ್ತಕ ನಮ್ಮ ಕೈಗೆ ಬರಲಿಲ್ಲ. ಪಾಠವನ್ನು ಓದಿ ಹೇಳಿದೆವು, ಸಹಪಾಠಿಗಳು ಬರೆಸಿದರು. ಚಿತ್ರ ಬಂದಾಗ ಮಾತ್ರ ನಾವೆಲ್ಲರೂ ಒಂದೇ ಮಾತನ್ನು ಹೇಳುತ್ತಿದ್ದೆವು: “ಚಿತ್ರ ಬಂತವ್ವಾ, ಇದನ್ನ ನೀ ಬಿಡು.” ಎರಡು ವರ್ಷ ಹೀಗೆ ಹೇಳಿದೆವು. ಕರುಣೆಯಿಂದಲೇ ಹೇಳಿದೆವು. ಅವಳು ಒಮ್ಮೆಯೂ ಎದುರು ಮಾತನಾಡಲಿಲ್ಲ. ನಾವು ಅದನ್ನು ಒಪ್ಪಿಗೆ ಎಂದು ತಿಳಿದೆವು.

ಒಂದು ಮಧ್ಯಾಹ್ನ ಭೂಗೋಲದ ತಾಸಿನಲ್ಲಿ ನಾವು ವರಾಂಡದಲ್ಲಿ ಹಾದು ಹೋಗುತ್ತಿದ್ದಾಗ ಕಿಟಕಿಯಿಂದ ಒಂದು ನೋಟ ಕಂಡಿತು. ಶಿಕ್ಷಕರು ಗೋಡೆಯ ನಕಾಶೆ ತೋರಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ಗೆಳತಿ ನಮ್ಮ ಹುಡುಗಿಯ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ತೋರುಬೆರಳಿನಿಂದ ಏನನ್ನೋ ಗೀಚುತ್ತಿದ್ದಳು. ಆಟವಾಡುತ್ತಿದ್ದಾರೆಂದು ಗದರಿಸಲು ಒಳಗೆ ಹೋದೆವು. “ಭಾರತದ ನಕಾಶಿ ತಗಿಯಾಕತ್ತೀನ್ರಿ ಅಕ್ಕೋರೆ” ಎಂದಳು ಗೆಳತಿ. ವಿಚಾರಿಸಿದರೆ, ಈ ಕೆಲಸ ಎರಡು ವರ್ಷದಿಂದ ನಡೆದಿತ್ತು. ನಾವು ಬಿಡು ಎಂದ ಪ್ರತಿಯೊಂದು ಚಿತ್ರವನ್ನೂ ಆ ಹನ್ನೆರಡು ವರ್ಷದ ಹುಡುಗಿ ತನಗೆ ತಿಳಿದಂತೆ ಗೆಳತಿಯ ಅಂಗೈಯ ಮೇಲೆ ಬರೆದು ಕೊಟ್ಟಿದ್ದಳು. ಎಂ.ಎ., ಬಿ.ಎಡ್. ಮಾಡಿದವರಿಗೆ ಹೊಳೆಯದ ಉಪಾಯ ಅವಳಿಗೆ ಹೊಳೆದಿತ್ತು. ಆದರೆ ಅಂಗೈಯ ಮೇಲಿನ ಗೆರೆ ಬರೆಯುತ್ತಿದ್ದಂತೆಯೇ ಅಳಿಯುತ್ತದೆ. ಮರುದಿನ ಮತ್ತೆ ನೋಡಲು ಉಳಿಯುವುದಿಲ್ಲ. ಉಳಿಯುವಂತೆ ಮಾಡುವುದು ನಮ್ಮ ಕೆಲಸವಾಗಿತ್ತು.

ಆ ವಾರವೇ ಶಿಕ್ಷಕರೆಲ್ಲ ಕೂಡಿ ಮಹಾರಾಷ್ಟ್ರದ ಒಂದು ದೊಡ್ಡ ನಕಾಶೆ ಮಾಡಿದೆವು. ಜಿಲ್ಲೆಗಳಿಗೆಲ್ಲ ದಾರದ ಗಡಿ, ಸಹ್ಯಾದ್ರಿಗೆ ಜೋಳದ ಕಾಳು, ನದಿಗಳಿಗೆ ನೂಲು, ಸಮುದ್ರಕ್ಕೆ ಮರಳು, ಊರುಗಳಿಗೆ ಗುಂಡಿ, ಮೇಲೆ ಬಣ್ಣ. ನೋಡಲು ಬಹಳ ಸುಂದರವಾಗಿತ್ತು. ಹುಡುಗಿ ಎರಡೂ ಕೈಗಳನ್ನು ಅದರ ಮೇಲೆ ಆಡಿಸಿದಳು; ಮತ್ತೆ ಆಡಿಸಿದಳು; ಕೈಗಳನ್ನು ಮಡಿಯಲ್ಲಿ ಇಟ್ಟುಕೊಂಡು, “ಎಲ್ಲಾ ಬರೇ ಖರಬರ ಹತ್ತತೈತ್ರಿ” ಎಂದಳು. ನಮ್ಮ ಕಣ್ಣಿಗಾಗಿ ಮಾಡಿದ ಚಿತ್ರವನ್ನು ಉಬ್ಬಿಸಿ ಅವಳ ಮುಂದೆ ಇಟ್ಟಿದ್ದೆವು. ಮುಂದೆ ಮಳೆಗಾಲದಲ್ಲಿ ಇಲಿಗಳು ನಮ್ಮ ಸಹ್ಯಾದ್ರಿಯನ್ನು ಪೂರ್ತಿಯಾಗಿ ತಿಂದು ಹಾಕಿದವು. ಅದರ ಬಗ್ಗೆ ನಾವು ಹೆಚ್ಚು ದುಃಖಿಸಲಿಲ್ಲ.

ಈ ಸೋಲು ಹೊಸದಲ್ಲ ಎಂಬುದು ಆಮೇಲೆ ಓದುತ್ತ ಹೋದಂತೆ ತಿಳಿಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಪ್ಯಾರಿಸ್ ನಗರದಲ್ಲಿ ಅಂಧರಿಗಾಗಿ ಶಾಲೆ ತೆರೆದ ವ್ಯಾಲೆಂಟಿನ್ ಹಾಯ್ ಎಂಬ ಸಜ್ಜನರು ಸಾಮಾನ್ಯ ಮುದ್ರಣದ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಪುಸ್ತಕ ಮಾಡಿಸಿದರು. ಅಕ್ಷರದ ಬಾಗು ಬಳುಕುಗಳನ್ನು ಬೆರಳು ಒಂದೊಂದಾಗಿ ತಡವಿ ತಿಳಿಯಬೇಕಾಗಿತ್ತು. ಓದು ಅತಿ ನಿಧಾನ, ಬರೆಯುವುದಂತೂ ಆಗದ ಮಾತು. ಅದೇ ಶಾಲೆಗೆ ಬಂದ ಬಾಲಕ ಲೂಯಿ ಬ್ರೈಲ್. 1809ರಲ್ಲಿ ಹುಟ್ಟಿದವನು. ತಂದೆ ಕುದುರೆಯ ಜೀನು ಹೊಲಿಯುವವರು. ನಮ್ಮ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಇರುತ್ತದಲ್ಲ, ಅಂಥ ಆರಿಯೊಡನೆ ಮೂರು ವರ್ಷದ ಮಗು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ನಂಜು ಹರಡಿ ಎರಡೂ ಕಣ್ಣು ಹೋದವು. ಸೇನೆಯಲ್ಲಿದ್ದ ಬಾರ್ಬಿಯೆ ಎಂಬವರು ಹನ್ನೆರಡು ಚುಕ್ಕಿಗಳ ಒಂದು ಲಿಪಿ ರೂಪಿಸಿದ್ದರು. ಅದರ ಒಂದು ಗುರುತು ಬೆರಳ ತುದಿಯೊಳಗೆ ಹಿಡಿಯುತ್ತಿರಲಿಲ್ಲ. ಬ್ರೈಲ್ ಅದನ್ನು ಆರಕ್ಕೆ ಇಳಿಸಿದ. 1824ರ ಹೊತ್ತಿಗೆ, ಹದಿನೈದನೆಯ ವಯಸ್ಸಿಗೆ, ಲಿಪಿಯ ರೂಪ ಸಿದ್ಧವಾಗಿತ್ತು, 1829ರಲ್ಲಿ ಅಚ್ಚಾಯಿತು. ಕಣ್ಣಿನ ಅಕ್ಷರದಂತೆ ಅದು ಕಾಣುವುದೇ ಇಲ್ಲ. ಬೆರಳಿಗಾಗಿಯೇ ಹುಟ್ಟಿದ ಅಕ್ಷರವಾದ್ದರಿಂದ ಗೆದ್ದಿತು.

ಚಿತ್ರಕ್ಕೂ ಇದೇ ನ್ಯಾಯ. ಕಣ್ಣು ಚಿತ್ರವನ್ನು ಒಂದೇ ಸಲಕ್ಕೆ ಇಡಿಯಾಗಿ ಹಿಡಿದು ಆಮೇಲೆ ಬಿಡಿಗಳಿಗೆ ಇಳಿಯುತ್ತದೆ. ಬೆರಳು ಬಿಡಿಗಳಿಂದ ಹೊರಟು ಮನಸ್ಸಿನಲ್ಲಿ ಇಡಿಯನ್ನು ಕಟ್ಟಿಕೊಳ್ಳಬೇಕು. ಬ್ರೈಲ್ ಅಕ್ಷರದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಇರುವ ಅಂತರ ಸುಮಾರು 2.5 ಮಿಲಿಮೀಟರು, ಚುಕ್ಕಿಯ ಎತ್ತರ ಅರ್ಧ ಮಿಲಿಮೀಟರಿನಷ್ಟು. ಅದಕ್ಕಿಂತ ಬಹಳ ಒತ್ತೊತ್ತಾಗಿ ಕುಳಿತ ಗೆರೆಗಳನ್ನು ಬೆರಳು ಬೇರೆ ಬೇರೆಯಾಗಿ ಗುರುತಿಸಲಾರದು. ಅದಕ್ಕೆ ಎಲ್ಲವೂ ಖರಬರವೇ. ಆದ್ದರಿಂದ ಮೊದಲ ಪ್ರಶ್ನೆ, ಈ ಚಿತ್ರ ಏನನ್ನು ತಿಳಿಸಲು ಇಲ್ಲಿದೆ ಎಂಬುದು. ನದಿಗಳ ಪಾಠವಾದರೆ ಗಡಿರೇಖೆ ಮತ್ತು ನದಿ ಎರಡೇ ಸಾಕು. ಬೆಟ್ಟಗಳಿಗೆ ಬೇರೆ ಹಾಳೆ, ಊರುಗಳಿಗೆ ಬೇರೆ ಹಾಳೆ. ಒಂದು ಹಾಳೆ ಎರಡು ಅಂಗೈಗಳ ಅಳವಿಗಿಂತ ಬಹಳ ದೊಡ್ಡದಾಗಬಾರದು. ಗೆರೆಗಳ ನಡುವೆ ಬೆರಳು ಉಸಿರಾಡುವಷ್ಟು ಜಾಗ ಬಿಡಬೇಕು. ಮೂರು ನಾಲ್ಕಕ್ಕಿಂತ ಹೆಚ್ಚು ಬಗೆಯ ಒರಟು ನುಣುಪುಗಳನ್ನು ಒಂದೆಡೆ ತರಬಾರದು. ಮೇಲ್ಗಡೆ ಶೀರ್ಷಿಕೆ, ಗುರುತುಗಳ ವಿವರಣೆ ಬೇರೊಂದು ಹಾಳೆಯ ಮೇಲೆ.

ಇವನ್ನೆಲ್ಲ ನಾವು ಪುಸ್ತಕದಿಂದ ಅರ್ಧ, ಹುಡುಗಿಯಿಂದ ಅರ್ಧ ಕಲಿತೆವು. ಒಮ್ಮೆ ಪುಸ್ತಕದಲ್ಲಿದ್ದ ಮೇಜಿನ ಚಿತ್ರವನ್ನು ಇದ್ದಂತೆಯೇ ಉಬ್ಬಿಸಿ ಕೊಟ್ಟೆವು. ಅವಳು ನಾಲ್ಕು ಕಾಲುಗಳನ್ನು ಅಳೆದು, “ಈ ಮೇಜ ಕುಂಟ ಐತ್ರಿ. ಎರಡ ಕಾಲ ಗಿಡ್ಡ ಅದಾವು” ಎಂದಳು. ಹಿಂದಿನ ಕಾಲುಗಳು ದೂರವಿದ್ದುದರಿಂದ ಚಿತ್ರಕಾರ ಅವನ್ನು ಗಿಡ್ಡವಾಗಿ ಬರೆದಿದ್ದ. ದೂರದ್ದು ಚಿಕ್ಕದಾಗಿ ಕಾಣುತ್ತದೆ ಎಂಬುದು ಕಣ್ಣಿನ ಒಪ್ಪಂದ. ಕೈಗೆ ಆ ಒಪ್ಪಂದ ಗೊತ್ತಿಲ್ಲ. ಮುಟ್ಟಿ ನೋಡಿದರೆ ನಾಲ್ಕು ಕಾಲೂ ಸಮ. ಅಂದಿನಿಂದ ವಸ್ತುಗಳನ್ನು ನೇರ ಮುಂದಿನಿಂದ ಒಂದು, ಮೇಲಿನಿಂದ ಒಂದು, ಹೀಗೆ ಎರಡು ಹಾಳೆಗಳಲ್ಲಿ ತೋರಿಸುತ್ತೇವೆ. ಇನ್ನೊಮ್ಮೆ ಜೀವಕೋಶದ ಚಿತ್ರವನ್ನು ರೊಟ್ಟಿಯಷ್ಟು ಅಗಲ ಮಾಡಿ ಕೊಟ್ಟೆವು. ತುಂಬ ಹೊತ್ತು ತಡವಿ ಅವಳು ಕೇಳಿದಳು: “ನನ್ನ ಕೈಯಾಗ ಇಂಥಾವು ಲಕ್ಷಗಟ್ಟಲೆ ಅದಾವ ಅಂತ ಹೇಳಿದ್ರಿ. ಒಂದರೆ ಹೆಂಗ ಹಿಡಿತೈತ್ರಿ?” ಚಿತ್ರ ವಸ್ತುವಿಗಿಂತ ದೊಡ್ಡದೋ ಚಿಕ್ಕದೋ ಎಂಬುದನ್ನು ಹೇಳದಿದ್ದರೆ ಚಿತ್ರವೇ ಸುಳ್ಳು ಕಲಿಸುತ್ತದೆ ಎಂಬುದು ಆ ದಿನ ನಮಗೆ ತಿಳಿಯಿತು. ಈಗ ಪ್ರತಿ ಹಾಳೆಯ ಮೂಲೆಯಲ್ಲಿ ‘ನಿಜಕ್ಕಿಂತ ದೊಡ್ಡದು’ ಅಥವಾ ‘ನಿಜಕ್ಕಿಂತ ಚಿಕ್ಕದು’ ಎಂದು ಬ್ರೈಲಿನಲ್ಲಿ ಬರೆಯುತ್ತೇವೆ. ವಸ್ತುವನ್ನೇ ತರಲು ಸಾಧ್ಯವಿರುವಾಗ ಚಿತ್ರವನ್ನೇ ಮಾಡುವುದಿಲ್ಲ. ದಾಸವಾಳದ ಪಾಠಕ್ಕೆ ದಾಸವಾಳವೇ ಬರುತ್ತದೆ.

ಮಾಡುವ ವಿಧಾನ ಬಹಳ ಸರಳ. ಹೊಲಿಗೆಯವರು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಹಲ್ಲುಗಳ ಪುಟ್ಟ ಚಕ್ರವನ್ನು ತಾಯಂದಿರು ಬಲ್ಲಿರಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಬ್ಬರಿನ ತುಂಡಿನ ಮೇಲೆ ಬೋರಲಾಗಿ ಇಟ್ಟು, ಬೆನ್ನಿನ ಮೇಲೆ ಈ ಚಕ್ರವನ್ನು ಒತ್ತಿ ನಡೆಸಿದರೆ ಮುಂಭಾಗದಲ್ಲಿ ಚುಕ್ಕಿಗಳ ಉಬ್ಬುಗೆರೆ ಏಳುತ್ತದೆ. ಒಂದೇ ಎಚ್ಚರ: ಬೆನ್ನಿನಿಂದ ಬರೆಯುವುದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆಯಬೇಕು. ಇದನ್ನು ಮರೆತು ಒಮ್ಮೆ ಅರಬ್ಬೀ ಸಮುದ್ರವನ್ನು ಪೂರ್ವಕ್ಕೆ ಕಳಿಸಿದ್ದೆವು. ನಯವಾದ ಗೆರೆ ಬೇಕಾದಲ್ಲಿ ಅಂಟನ್ನು ಸಣ್ಣಗೆ ಸುರಿದು ಒಣಗಿಸುತ್ತೇವೆ. ಪ್ರದೇಶಗಳನ್ನು ತುಂಬಲು ಇಚಲಕರಂಜಿಯ ಮಗ್ಗದ ಬಟ್ಟೆಯ ಚೂರುಗಳಿಗಿಂತ ಉತ್ತಮವಾದ ಸಾಮಗ್ರಿ ಇಲ್ಲ. ಯಾವುದು ಪಾಪ್ಲಿನ್, ಯಾವುದು ದಪ್ಪ ಹತ್ತಿ ಎಂಬುದನ್ನು ಮಗ್ಗದವರ ಮಗಳು ಮುಟ್ಟಿದೊಡನೆ ಹೇಳುತ್ತಾಳೆ. ಹಾಳೆಗಳನ್ನು ಒಂದರ ಮೇಲೊಂದು ಹೇರಿದರೆ ಚುಕ್ಕಿಗಳು ಕುಗ್ಗುತ್ತವೆ; ಆದ್ದರಿಂದ ಬಟ್ಟೆ ಒಣಹಾಕಿದಂತೆ ಹಗ್ಗಕ್ಕೆ ತೂಗುಬಿಡುತ್ತೇವೆ. ಯಾವ ಹಾಳೆಯೂ ಅವಳ ಬೆರಳಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಕಪಾಟು ಸೇರುವುದಿಲ್ಲ. ಬಣ್ಣವನ್ನೂ ನಾವು ಪೂರ್ತಿ ಬಿಟ್ಟಿಲ್ಲ. ದೃಷ್ಟಿದೋಷವುಳ್ಳ ಎಲ್ಲ ಮಕ್ಕಳೂ ಪೂರ್ಣ ಅಂಧರಲ್ಲ. ಮಂದದೃಷ್ಟಿಯ ಮಕ್ಕಳಿಗೆ ಹಳದಿಯ ಮೇಲೆ ದಪ್ಪ ಕಪ್ಪು ಗೆರೆ ಬಹಳ ಸಹಾಯ ಮಾಡುತ್ತದೆ.

ಕಳೆದ ವರ್ಷ ನಮ್ಮ ಸೀಮೆಯ ಹೊಳೆಗಳ ಹಾಳೆ ಮಾಡಿದೆವು. ಹಿರಣ್ಯಕೇಶಿಗೆ ಒಂದು ನೂಲು ಅಂಟಿಸಿದೆವು. ಅವಳು ಅದರ ಮೇಲೆ ಬೆರಳು ನಡೆಸಿ, “ಹೊಳಿ ಯಾ ಕಡಿಂದ ಯಾ ಕಡಿ ಹರಿತೈತ್ರಿ?” ಎಂದಳು. ನೂಲಿಗೆ ದಿಕ್ಕಿಲ್ಲ. ಮರುದಿನ ನೂಲನ್ನು ಕಿತ್ತು, ಆಂಬೋಲಿಯ ಉಗಮದಲ್ಲಿ ಒಂದೇ ಎಳೆ, ಆಜರಾ ದಾಟುವಾಗ ಎರಡು, ಗಡಹಿಂಗ್ಲಜದ ಹತ್ತಿರ ಮೂರು, ಹೀಗೆ ಹೊಸೆದು ದಪ್ಪ ಮಾಡುತ್ತ ಸಂಕೇಶ್ವರದ ಮೇಲೆ ಹಾಯಿಸಿ ಘಟಪ್ರಭೆಗೆ ಸೇರಿಸಿದೆವು. ಈಗ ಬೆರಳಿಗೆ ಹೊಳೆ ಹರಿಯಿತು. ರಾಜ್ಯಗಳ ಗಡಿಯನ್ನು ಚಕ್ರದ ಚುಕ್ಕಿಗಳಿಂದ ಹಾಕಿದ್ದೆವು. ಅವಳ ಬೆರಳು ಆ ಚುಕ್ಕಿಗಳ ಬಳಿ ಬಂದು ನಿಂತಿತು. ಮತ್ತೆ ಹಿಂದೆ ಹೋಗಿ ಬಂದಿತು. “ಗಡಿ ಇಲ್ಲೈತಿ. ಹೊಳಿ ನಿಂತಿಲ್ಲಲ್ರಿ” ಎಂದಳು. ಅದಕ್ಕೆ ನಾವು ಏನೂ ಹೇಳಲಿಲ್ಲ. ಭೂಗೋಲದ ಶಿಕ್ಷಕರು ಮೂವತ್ತು ವರ್ಷಗಳಿಂದ ಆ ನಕಾಶೆಯನ್ನು ಕಲಿಸಿದವರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಬೇರೆಡೆ ಈ ಕೆಲಸ ಬಹಳ ಮುಂದೆ ಹೋಗಿದೆ ಎಂಬುದನ್ನೂ ತಾವು ತಿಳಿಯಬೇಕು. ಒಂದು ಬಗೆಯ ವಿಶೇಷ ಕಾಗದವಿದೆ. ಅದರ ಮೇಲೆ ಕಪ್ಪು ಮಸಿಯಿಂದ ಚಿತ್ರ ಬರೆದು ಶಾಖದ ಯಂತ್ರದಲ್ಲಿ ಹಾಯಿಸಿದರೆ ಕಪ್ಪು ಶಾಖವನ್ನು ಹೀರಿಕೊಂಡು ಆ ಗೆರೆಗಳಷ್ಟೇ ಹಪ್ಪಳದಂತೆ ಉಬ್ಬುತ್ತವೆ. ಒಂದು ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಬಿಸಿ ಮಾಡಿ ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಅಚ್ಚಿನ ರೂಪ ತಳೆಯುತ್ತದೆ. ಒಂದೇ ಅಚ್ಚಿನಿಂದ ನೂರಾರು ಪ್ರತಿಗಳು ಬರುತ್ತವೆ. ದಿಲ್ಲಿಯ ಐಐಟಿಯಲ್ಲಿ ಗಣಕಯಂತ್ರದಿಂದ ಅಚ್ಚುಗಳನ್ನು ರೂಪಿಸಿ ಪಠ್ಯಪುಸ್ತಕಗಳ ಚಿತ್ರಗಳನ್ನು ಈ ಬಗೆಯಲ್ಲಿ ತಯಾರಿಸುವ ಕೆಲಸ ನಡೆದಿದೆ. ಕೋಲ್ಕತಾದ ರಾಷ್ಟ್ರೀಯ ನಕಾಶೆ ಸಂಸ್ಥೆಯು 2017ರಲ್ಲಿ ಅಂಧರಿಗಾಗಿ ಭಾರತದ ಬ್ರೈಲ್ ಭೂಪಟ ಸಂಪುಟವನ್ನು ಹೊರತಂದಿತು. ಮುದ್ರಿತ ಪುಸ್ತಕವನ್ನು ಹೀಗೆ ಬದಲಿಸಿದರೆ ಕಾನೂನಿನ ತೊಡಕು ಬರುವುದೆ ಎಂದು ನಾವು ಅಂಜಿದ್ದೆವು. 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯಿದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಅಂಧರಿಗೆ ಪುಸ್ತಕಗಳು ದೇಶದೇಶಗಳ ನಡುವೆ ಸುಲಭವಾಗಿ ದೊರೆಯಲೆಂದು 2013ರಲ್ಲಿ ಮರಾಕೆಶ್ ನಗರದಲ್ಲಿ ಆದ ಒಪ್ಪಂದವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಇದು ನಾವು ಅಭಿಮಾನಪಡುವ ಸಂಗತಿ. ಆದರೆ ದಿಲ್ಲಿಯ ಯಂತ್ರ ನಮ್ಮ ಕನ್ನಡ ಪುಸ್ತಕದ ಇಪ್ಪತ್ತೆರಡನೆಯ ಪುಟಕ್ಕೆ ಬರುವವರೆಗೆ ನಮ್ಮ ಹುಡುಗಿಯ ವಯಸ್ಸು ನಿಂತಿರುವುದಿಲ್ಲ.

ಅವಳು ಈಗ ಇಯತ್ತೆ ಒಂಬತ್ತು. ಬರುವ ವರ್ಷ ಹತ್ತನೆಯ ಇಯತ್ತೆಯ ಬೋರ್ಡಿನ ಪರೀಕ್ಷೆ. ಅಂಥ ಪರೀಕ್ಷೆಗಳಲ್ಲಿ ಅಂಧ ವಿದ್ಯಾರ್ಥಿಗಳಿಗೆ ಬರೆಯುವ ಸಹಾಯಕರು ದೊರೆಯುತ್ತಾರೆ; ತಾಸಿಗೆ 20 ನಿಮಿಷದಂತೆ ಹೆಚ್ಚಿನ ಸಮಯ ದೊರೆಯುತ್ತದೆ; ಚಿತ್ರ ನಕಾಶೆಗಳಿಗೆ ಬದಲಿ ಪ್ರಶ್ನೆ ದೊರೆಯುತ್ತದೆ. ಇವೆಲ್ಲ ಹೋರಾಡಿ ಪಡೆದ ಸೌಲಭ್ಯಗಳು, ಅವು ಇರಬೇಕು. ನಮ್ಮ ತಪ್ಪು ಎಲ್ಲಿತ್ತೆಂದರೆ, ಪರೀಕ್ಷೆಯ ಮೂರು ತಾಸಿಗೆ ಕೊಟ್ಟ ವಿನಾಯಿತಿಯನ್ನು ನಾವು ವರ್ಷದ ಅಷ್ಟೂ ದಿನಗಳಿಗೆ ಹಿಗ್ಗಿಸಿಕೊಂಡೆವು. ಚಿತ್ರ ಬರೆಯುವುದರಿಂದ ಬಿಡುಗಡೆ ಕೊಡುವ ಬದಲು ಚಿತ್ರ ತಿಳಿಯುವುದರಿಂದಲೇ ಬಿಡುಗಡೆ ಕೊಟ್ಟೆವು. ಹೃದಯದ ನಾಲ್ಕು ಕೋಣೆಗಳನ್ನು ಅವಳು ಬಾಯಿಪಾಠವಾಗಿ ಒಪ್ಪಿಸುತ್ತಿದ್ದಳು. ಯಾವ ಕೋಣೆಯ ಪಕ್ಕ ಯಾವುದಿದೆ ಎಂಬುದು ಉಬ್ಬುಚಿತ್ರವನ್ನು ಮುಟ್ಟಿದ ದಿನ ಮೊದಲ ಬಾರಿಗೆ ಅವಳಿಗೆ ತಿಳಿಯಿತು. ಆ ಎರಡು ವರ್ಷಗಳ ಪಾಠಗಳನ್ನು ನಾವು ಅವಳಿಗೆ ಮರಳಿ ಕೊಡಬೇಕಾಗಿದೆ. ರವಿವಾರಗಳಂದು ಕೊಡುತ್ತಿದ್ದೇವೆ, ಇನ್ನೂ ಮುಗಿದಿಲ್ಲ. ರೇಖಾಗಣಿತದ ಹಾಳೆಗಳು ಅರ್ಧದಷ್ಟು ಉಳಿದಿವೆ. ಈ ಮಾತನ್ನು ಅವಳ ಎದುರಿನಲ್ಲಿ, ಅವಳ ತಂದೆತಾಯಿಯ ಎದುರಿನಲ್ಲಿ ಹೇಳಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆವು.

ಈಗ ನಿಮ್ಮಲ್ಲಿ ನಮ್ಮ ಬೇಡಿಕೆ. ಶತಮಾನೋತ್ಸವದ ನೆನಪಿಗೆ ಮಹಾದ್ವಾರ ಕಟ್ಟುವ ಸಂಕಲ್ಪವಾಗಿದೆ, ಆಗಲಿ. ಅದರ ಜೊತೆಗೆ ಒಂದು ಕೋಣೆ ಕೊಡಿರಿ. ಅಲ್ಲಿ ನಮ್ಮ ಪಠ್ಯಪುಸ್ತಕಗಳ ಚಿತ್ರಗಳೆಲ್ಲ ಉಬ್ಬುಹಾಳೆಗಳಾಗಿ ಹಗ್ಗದ ಮೇಲೆ ತೂಗಲಿ. ಮಗ್ಗದ ಮಾಜಿ ವಿದ್ಯಾರ್ಥಿಗಳು ಬಟ್ಟೆಯ ಚೂರುಗಳನ್ನು ಕೊಡಿರಿ, ಹೊಲಿಗೆ ಬಲ್ಲ ತಾಯಂದಿರು ತಿಂಗಳಿಗೊಂದು ಮಧ್ಯಾಹ್ನ ಕೊಡಿರಿ, ಹಳೆಯ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕದೆ ಶಾಲೆಗೆ ಕಳಿಸಿರಿ. ರಂಗೋಲಿಯ ಚುಕ್ಕಿ ಇಟ್ಟು ಗೆರೆ ಕೂಡಿಸಿದ ಕೈಗಳಿಗೆ ಈ ಕೆಲಸ ಎರಡು ದಿನದಲ್ಲಿ ಬರುತ್ತದೆ. ಒಂದು ಹಾಳೆಯ ಮಾದರಿ ಇದ್ದರೆ ಹತ್ತು ಪ್ರತಿ ಮಾಡಬಹುದು. ಗಡಿಯ ಈ ಬದಿಯ ಯಾವ ಕನ್ನಡ ಶಾಲೆ ಕೇಳಿದರೂ ಕೊಡಬಹುದು. ನಿಮ್ಮ ಓಣಿಯಲ್ಲಿ ಮನೆಯೊಳಗೆ ಕುಳಿತಿರುವ ದೃಷ್ಟಿಯಿಲ್ಲದ ಮಗುವೊಂದು ಇದ್ದರೆ ಅದರ ತಂದೆತಾಯಿಗೆ ಹೇಳಿರಿ: ಈ ಶಾಲೆಯಲ್ಲಿ ಹೆಸರು ಹಚ್ಚುವಾಗ ಹಾಡು ಬರುತ್ತದೆಯೆ ಎಂದು ಯಾರೂ ಕೇಳುವುದಿಲ್ಲ. ಬಂದರೆ ಸಂತೋಷ, ಬಾರದಿದ್ದರೂ ಬೆಂಚಿನ ಮೇಲೆ ಜಾಗವಿದೆ.

ವರಾಂಡದ ಕೊನೆಯ ಕೋಣೆಯಲ್ಲಿ ಈವರೆಗೆ ಮಾಡಿದ ಹಾಳೆಗಳನ್ನು ಇಂದು ತೂಗುಹಾಕಿದ್ದೇವೆ. ಬಾಗಿಲಲ್ಲಿ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಒಳಗೆ ದಾರಿ ತೋರಿಸುವವಳು ನಮ್ಮ ವಿದ್ಯಾರ್ಥಿನಿ. ಸಹಾಯಕ್ಕೆ ಅಂಗೈಯ ಮೇಲೆ ನಕಾಶೆ ಬರೆದ ಆ ಗೆಳತಿ. ಭಾಷಣದ ಕೊನೆಗೆ ನಿಮಗೆ ತಪ್ಪದೆ ಹೇಳಬೇಕೆಂದು ಅವಳು ನಮಗೆ ಒಂದು ಮಾತು ಒಪ್ಪಿಸಿದ್ದಾಳೆ. ಅವಳ ಮಾತಿನಲ್ಲಿಯೇ ಹೇಳಿ ಮುಗಿಸುತ್ತೇವೆ: “ಫಳಾರ ಮುಗಿಸಿದ ಮ್ಯಾಲೆ ಎಲ್ಲಾರೂ ಕೈ ತೊಳಕೊಂಡು, ಒರಸಿಕೊಂಡು ಬರ್ರಿ. ಎಣ್ಣಿ ಕೈಲೆ ನಮ್ಮ ಹೊಳಿ ಮುಟ್ಟಬ್ಯಾಡ್ರಿ.”